ತೆರೆಯನ್ನು ಸೆರೆಹಿಡಿಯುವ ಕೀಲಿ

ಕಂಪ್ಯೂಟರಿನ ಕೀಲಿಮಣೆಯ ಮೇಲ್ಸಾಲಿನಲ್ಲಿ, ಬಲಗಡೆಗೆ, ಬೆರಳು ಅಪರೂಪಕ್ಕೆ ಹೋಗುವ ಜಾಗದಲ್ಲಿ ಒಂದು ಕೀಲಿ ಇರುತ್ತದೆ. ಅದರ ಮೇಲೆ ‘ಪ್ರಿಂಟ್ ಸ್ಕ್ರೀನ್’ ಎಂದು ಬರೆದಿರುತ್ತದೆ. ಜಾಗ ಸಾಲದ ಕೀಲಿಮಣೆಗಳಲ್ಲಿ ಆ ಹೆಸರನ್ನು ನಾಲ್ಕೈದು ಅಕ್ಷರಗಳಿಗೆ ಮೊಟಕು ಮಾಡಿರುತ್ತಾರೆ. ಹೆಸರಿನ ಅರ್ಥ ಸರಳ: ತೆರೆಯನ್ನು ಮುದ್ರಿಸು. ಆದರೆ ಇಂದು ಆ ಕೀಲಿಯನ್ನು ಒತ್ತಿದರೆ ಪ್ರಿಂಟರ್ ಮಿಸುಕುವುದೂ ಇಲ್ಲ. ಕಾಗದದ ಮೇಲೆ ಒಂದು ಗೆರೆಯೂ ಮೂಡುವುದಿಲ್ಲ. ತೆರೆಯ ಮೇಲಿದ್ದ ಚಿತ್ರ ಕಂಪ್ಯೂಟರಿನೊಳಗೇ ಎಲ್ಲೋ ಒಂದು ಕಡೆ ಕುಳಿತುಕೊಳ್ಳುತ್ತದೆ, ಅಷ್ಟೆ.

ಹೆಸರು ಒಂದು, ಕೆಲಸ ಇನ್ನೊಂದು ಆಗಿದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಕಂಪ್ಯೂಟರ್ ಯುಗದ ಮುಕ್ಕಾಲು ಶತಮಾನದ ಕಥೆಯೇ ಬಿಚ್ಚಿಕೊಳ್ಳುತ್ತದೆ. ‘ಸ್ಕ್ರೀನ್‌ಶಾಟ್’ ಎಂದು ಶಾಲಾ ಮಕ್ಕಳೂ ಕರೆಯುವ ಈ ತೆರೆಚಿತ್ರ ಇಂದು ಅಂಗಡಿಯ ಗಲ್ಲಾದ ಮುಂದೆ, ಕಚೇರಿಯ ಜಗಳದಲ್ಲಿ, ನ್ಯಾಯಾಲಯದ ಕಟಕಟೆಯಲ್ಲಿ ಸಾಕ್ಷಿಯಾಗಿ ನಿಲ್ಲುತ್ತಿದೆ. ಆ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬುದನ್ನು ತಿಳಿಯಲಾದರೂ ಅದರ ಹುಟ್ಟನ್ನು ಅರಿಯುವುದು ಒಳ್ಳೆಯದು.

ಕಣ್ಣೇ ಮುದ್ರಣಯಂತ್ರ

1948ರ ಜೂನ್ 21. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ರಿಕ್ ವಿಲಿಯಮ್ಸ್ ಮತ್ತು ಟಾಮ್ ಕಿಲ್‌ಬರ್ನ್ ನಿರ್ಮಿಸಿದ ‘ಬೇಬಿ’ ಎಂಬ ಯಂತ್ರ, ತನ್ನ ನೆನಪಿನೊಳಗೇ ಇಟ್ಟುಕೊಂಡ ಆಜ್ಞೆಗಳ ಸರಣಿಯೊಂದನ್ನು ಯಶಸ್ವಿಯಾಗಿ ನಡೆಸಿತು. ಇಂಥ ಸಾಧನೆ ಜಗತ್ತಿನಲ್ಲಿ ಅದೇ ಮೊದಲು. 2,62,144 ಎಂಬ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಯಾವುದು ಎಂದು ಕಂಡುಹಿಡಿಯುವುದು ಅದಕ್ಕೆ ಕೊಟ್ಟ ಲೆಕ್ಕ. ಯಂತ್ರ 52 ನಿಮಿಷ ದುಡಿದು ಉತ್ತರ ಹೇಳಿತು.

ಹೇಳಿತು ಎಂದರೆ, ಮುದ್ರಿಸಿ ಕೊಟ್ಟಿತು ಎಂದಲ್ಲ. ಬೇಬಿಗೆ ಪ್ರಿಂಟರೇ ಇರಲಿಲ್ಲ. ದೂರದರ್ಶನದ ಪೆಟ್ಟಿಗೆಯಲ್ಲಿರುವಂಥ ಗಾಜಿನ ಕ್ಯಾಥೋಡ್ ಕಿರಣ ನಳಿಕೆಯೊಂದರ ಮುಖದ ಮೇಲೆ ಚುಕ್ಕೆ ಮತ್ತು ಗೀರುಗಳ ಸಾಲುಗಳು ಮೂಡಿದವು. ಆ ಸಾಲುಗಳನ್ನು ಕಣ್ಣಿನಿಂದ ಓದಿ, ಸೊನ್ನೆ ಒಂದುಗಳಾಗಿ ಬಿಡಿಸಿ, ಉತ್ತರ ಸರಿಯೆಂದು ತಿಳಿಯಬೇಕಾಯಿತು. ವಿದ್ಯುತ್ತು ನಿಂತರೆ ಉತ್ತರವೂ ಮಾಯ. ಕಂಪ್ಯೂಟರಿನ ತೆರೆಗೂ ಮರೆವಿಗೂ ಇರುವ ನಂಟು ಹೀಗೆ ಹುಟ್ಟಿನಿಂದಲೇ ಬಂದದ್ದು. ತೆರೆಯ ಮೇಲಿನ ಬರಹ ನೀರಿನ ಮೇಲಿನ ಬರಹದಂತೆ. ಇರುವಷ್ಟು ಹೊತ್ತು ಇದ್ದು ಮುಂದಿನ ಕ್ಷಣಕ್ಕೆ ಇಲ್ಲವಾಗುತ್ತದೆ.

ಕತ್ತಲಿನಲ್ಲಿ ಕ್ಯಾಮೆರಾ

ಅಳಿಸಿಹೋಗುವುದನ್ನು ಉಳಿಸಿಕೊಳ್ಳಲು ವಿಜ್ಞಾನಿಗಳು ಹಿಡಿದ ಮೊದಲ ಉಪಾಯ ಕ್ಯಾಮೆರಾ. 1950ರ ದಶಕದಲ್ಲಿ ಐಬಿಎಂ ಸಂಸ್ಥೆ ತನ್ನ ದೊಡ್ಡ ಗಣಕಗಳ ಜತೆ ಎರಡು ತೆರೆಗಳನ್ನು ಒದಗಿಸುತ್ತಿತ್ತು. 780 ಎಂಬ ಸಂಖ್ಯೆಯ 21 ಅಂಗುಲದ ದೊಡ್ಡ ತೆರೆ ಮನುಷ್ಯರು ನೋಡಲಿಕ್ಕೆ. 740 ಎಂಬ ಸಂಖ್ಯೆಯ 7 ಅಂಗುಲದ ಸಣ್ಣ ತೆರೆ ಕ್ಯಾಮೆರಾ ನೋಡಲಿಕ್ಕೆ. ಎರಡರ ಮೇಲೂ ಒಂದೇ ಚಿತ್ರ ಮೂಡುತ್ತಿತ್ತು. ಮನುಷ್ಯನ ಕಣ್ಣಿಗೊಂದು, ದಾಖಲೆಗೊಂದು ಎಂಬ ಈ ವಿಂಗಡಣೆ ಅಂದಿನವರಿಗೆ ಸಹಜವಾಗಿ ಕಂಡಿತ್ತು.

ಇಷ್ಟು ಅನುಕೂಲ ಇಲ್ಲದವರು ತೆರೆಯ ಮುಂದೆ ಮಾಮೂಲಿ ಕ್ಯಾಮೆರಾವನ್ನೇ ನಿಲ್ಲಿಸಬೇಕಾಗಿತ್ತು. ಈ ಕೆಲಸ ತೋರುವಷ್ಟು ಸುಲಭವಲ್ಲ. ಹಳೆಯ ಗಾಜಿನ ತೆರೆಯಲ್ಲಿ ಚಿತ್ರ ಒಮ್ಮೆಲೇ ಇಡಿಯಾಗಿ ಇರುವುದಿಲ್ಲ. ಎಲೆಕ್ಟ್ರಾನುಗಳ ಕಿರಣವೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಹೊಲ ಉಳುವ ನೇಗಿಲಿನಂತೆ ಸಾಲು ಸಾಲಾಗಿ ಸಾಗುತ್ತ ರಂಜಕದ ಲೇಪವನ್ನು ಬೆಳಗುತ್ತದೆ. ಸೆಕೆಂಡಿಗೆ ಐವತ್ತು ಅರವತ್ತು ಸಲ ಈ ಉಳುಮೆ ನಡೆಯುವುದರಿಂದ ಕಣ್ಣಿಗೆ ಅದು ನಿಂತ ಚಿತ್ರವಾಗಿ ತೋರುತ್ತದೆ. ಕ್ಯಾಮೆರಾ ಮೋಸಹೋಗುವುದಿಲ್ಲ. ಅದರ ಬಾಗಿಲು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲು ಮಾತ್ರ ತೆರೆದರೆ, ಉಳುಮೆಯಾದಷ್ಟು ಭಾಗ ಮಾತ್ರ ಫಿಲಂ ಮೇಲೆ ಬಂದು ಉಳಿದದ್ದು ಕಪ್ಪು ಪಟ್ಟಿಯಾಗುತ್ತದೆ. ಆದ್ದರಿಂದ ಕೋಣೆಯನ್ನು ಕತ್ತಲಾಗಿಸಿ, ಗಾಜಿನಲ್ಲಿ ದೀಪದ ಪ್ರತಿಬಿಂಬ ಬೀಳದಂತೆ ನೋಡಿಕೊಂಡು, ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಅದರ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಬೇಕು. ಅಷ್ಟರಲ್ಲಿ ತೆರೆಯ ಮೇಲಿನ ಚಿತ್ರ ಅಲುಗಬಾರದು. 1980ರ ದಶಕದಲ್ಲಿ ವಿಡಿಯೋ ಆಟಗಳ ಪತ್ರಿಕೆಗಳವರು ಚಿತ್ರ ಒದಗಿಸುತ್ತಿದ್ದುದು ಬಹುಮಟ್ಟಿಗೆ ಇದೇ ಕ್ರಮದಲ್ಲಿ.

ಅಮೆರಿಕದ ಇವಾನ್ ಸದರ್‌ಲ್ಯಾಂಡ್ 1963ರಲ್ಲಿ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶದಿಂದ ತೆರೆಯ ಮೇಲೆ ಬೆಳಕಿನ ಲೇಖನಿಯಲ್ಲಿ ನೇರವಾಗಿ ಚಿತ್ರ ಬರೆದು ತೋರಿಸಿದರು. ಅದನ್ನು ನಡೆಸಬಲ್ಲ ಟಿಎಕ್ಸ್-2 ಗಣಕ ಇದ್ದದ್ದು ಲಿಂಕನ್ ಪ್ರಯೋಗಾಲಯದಲ್ಲಿ ಮಾತ್ರ. ಹೊರಗಿನ ಹೆಚ್ಚಿನವರಿಗೆ ಆ ವಿಸ್ಮಯ ತಲುಪಿದ್ದು ಫೋಟೋ ಮತ್ತು ಚಲನಚಿತ್ರಗಳ ಮೂಲಕವೇ. ಯಂತ್ರ ಒಂದೆಡೆ, ಅದನ್ನು ಅರಿಯಬೇಕಾದವರು ಇನ್ನೊಂದೆಡೆ ಇದ್ದಾಗ, ನಡುವಿನ ಸೇತುವೆ ತೆರೆಯ ಚಿತ್ರವೇ ಆಗಿತ್ತು.

ಎಂಬತ್ತು ಅಕ್ಷರ, ಇಪ್ಪತ್ತೈದು ಸಾಲು

ಕೀಲಿ ಒತ್ತಿದರೆ ತೆರೆ ಕಾಗದಕ್ಕಿಳಿಯುವ ಸೌಕರ್ಯವನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮನೆಮಾತಾಗಿಸಿದ್ದು ಐಬಿಎಂ ಪಿ.ಸಿ. 1981ರ ಆಗಸ್ಟ್ 12ರಂದು ಪ್ರಕಟವಾದ ಈ ಯಂತ್ರದ ಕೀಲಿಮಣೆಯಲ್ಲಿ 83 ಕೀಲಿಗಳಿದ್ದವು. ಬಲಗಡೆಯ ಶಿಫ್ಟ್ ಕೀಲಿಯ ಪಕ್ಕದಲ್ಲಿ ನಕ್ಷತ್ರದ ಗುರುತಿನ ಕೀಲಿ. ಅದಕ್ಕೇ ‘ಪ್ರಿಂಟ್ ಸ್ಕ್ರೀನ್’ ಎಂಬ ಎರಡನೆಯ ಹೊಣೆ. ಬರಿದೇ ಒತ್ತಿದರೆ ನಕ್ಷತ್ರ. ಶಿಫ್ಟ್ ಜತೆ ಒತ್ತಿದರೆ ತೆರೆಯ ಮೇಲಿದ್ದದ್ದೆಲ್ಲ ಪ್ರಿಂಟರಿಗೆ.

ಇದನ್ನು ಸಾಧಿಸುವ ಆಜ್ಞೆಗಳ ಕಟ್ಟು ಯಂತ್ರದ ಚಿಪ್ಪಿನೊಳಗೇ, ಬಯೋಸ್ ಎಂಬ ಮೂಲ ತಂತ್ರಾಂಶದಲ್ಲೇ ಅಡಗಿತ್ತು. ಐಬಿಎಂ ಅದರ ಸಂಪೂರ್ಣ ಪಾಠವನ್ನು ತಾಂತ್ರಿಕ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಆದ್ದರಿಂದ ಕೀಲಿ ಒತ್ತಿದಾಗ ಒಳಗೆ ಏನಾಗುತ್ತಿತ್ತು ಎಂಬುದು ಇಂದಿಗೂ ತಿಳಿದಿದೆ. ಅಂದಿನ ತೆರೆಯಲ್ಲಿ ಸಾಲಿಗೆ 80 ಅಕ್ಷರಗಳಂತೆ 25 ಸಾಲು, ಒಟ್ಟು 2,000 ಮನೆಗಳು. ಬಯೋಸ್ ಮೊದಲು, ತೆರೆಯ ಮೇಲೆ ಮಿನುಗುವ ಕರ್ಸರ್ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಅದನ್ನು ಮೊದಲ ಮನೆಗೆ ಒಯ್ದು ಅಲ್ಲಿರುವ ಅಕ್ಷರವನ್ನು ಓದಿ ಪ್ರಿಂಟರಿಗೆ ಕೊಡುತ್ತದೆ. ಮನೆ ಖಾಲಿ ಇದ್ದರೆ ಖಾಲಿ ಜಾಗ. ನಂತರ ಮುಂದಿನ ಮನೆ. ಸಾಲು ಮುಗಿದಾಗ ಕಾಗದವನ್ನು ಒಂದು ಸಾಲು ಮೇಲೆ ಸರಿಸುವ ಸೂಚನೆ. ಹೀಗೆ ಎರಡು ಸಾವಿರ ಮನೆಗಳನ್ನೂ, ಜನಗಣತಿಯ ಗುಮಾಸ್ತನ ಹಾಗೆ ಒಂದೊಂದಾಗಿ ಸುತ್ತಿ, ಕೊನೆಗೆ ಕರ್ಸರನ್ನು ಮೊದಲಿದ್ದಲ್ಲೇ ತಂದು ನಿಲ್ಲಿಸುತ್ತದೆ. ಕೆಲಸ ನಡೆಯುತ್ತಿರುವಾಗ ಯಾರಾದರೂ ಮತ್ತೆ ಕೀಲಿ ಒತ್ತಿದರೆ ಲಕ್ಷ್ಯ ಕೊಡುವುದಿಲ್ಲ. ‘ಕೆಲಸ ನಡೆದಿದೆ’ ಎಂಬ ಗುರುತನ್ನು ನೆನಪಿನ ಒಂದು ಮೂಲೆಯಲ್ಲಿ ಮೊದಲೇ ಬರೆದಿಟ್ಟಿರುತ್ತದೆ.

ಆ ಪಿ.ಸಿ.ಯ ಜತೆ ಐಬಿಎಂ ಮಾರುತ್ತಿದ್ದ ಪ್ರಿಂಟರ್ ಜಪಾನಿನ ಎಪ್ಸನ್ ತಯಾರಿಕೆಯದು; ಸೆಕೆಂಡಿಗೆ 80 ಅಕ್ಷರ ಅದರ ವೇಗ. ಎರಡು ಸಾವಿರ ಮನೆಗಳಿಗೆ ಕಡಿಮೆಯೆಂದರೂ 25 ಸೆಕೆಂಡು. ಅಷ್ಟು ಹೊತ್ತು ಕರಕರ ಸದ್ದು ಕೇಳುತ್ತ ಬಳಕೆದಾರ ಕೈಕಟ್ಟಿ ಕೂರಬೇಕಾಗಿತ್ತು. ಆದರೂ ಲೆಕ್ಕಪತ್ರದ ಒಂದು ಪುಟ, ದಾಸ್ತಾನಿನ ಒಂದು ಪಟ್ಟಿ ಅಥವಾ ಅರ್ಥವಾಗದ ದೋಷಸೂಚನೆಯೊಂದು ಕಾಗದದ ಮೇಲೆ ಕೈಗೆ ಸಿಗುತ್ತಿತ್ತಲ್ಲ, ಅದು ದೊಡ್ಡ ಅನುಕೂಲ.

ಈ ಕ್ರಮಕ್ಕೆ ಒಂದು ಮಿತಿಯಿತ್ತು. ಅದು ಓದುತ್ತಿದ್ದುದು ಅಕ್ಷರಗಳನ್ನು, ಚಿತ್ರವನ್ನಲ್ಲ. ತೆರೆಯ ಮೇಲೆ ನಕ್ಷೆಯೋ ರೇಖಾಚಿತ್ರವೋ ಇದ್ದರೆ ಬಯೋಸ್ ಕೈಚೆಲ್ಲುತ್ತಿತ್ತು. 1983ರಲ್ಲಿ ಬಂದ ಡಾಸ್ ಎರಡನೆಯ ಆವೃತ್ತಿಯಲ್ಲಿ ‘ಗ್ರಾಫಿಕ್ಸ್’ ಎಂಬ ಪ್ರತ್ಯೇಕ ಆಜ್ಞೆ ಸೇರಿದ ಮೇಲೆ ಚಿತ್ರಗಳನ್ನೂ ಚುಕ್ಕೆ ಚುಕ್ಕೆಯಾಗಿ ಮುದ್ರಿಸುವುದು ಸಾಧ್ಯವಾಯಿತು.

ಈ ಕೀಲಿಯ ಸುತ್ತ ಒಂದು ಸ್ವಾರಸ್ಯದ ಎಡವಟ್ಟೂ ಇದೆ. ಯಂತ್ರದ ಮಿದುಳಾದ ಪ್ರೊಸೆಸರನ್ನು ಮಾಡಿದ ಇಂಟೆಲ್ ಸಂಸ್ಥೆ, ತುರ್ತು ಸಂದರ್ಭಗಳಿಗೆಂದು ಕೆಲವು ಕ್ರಮಸಂಖ್ಯೆಗಳನ್ನು ತನ್ನ ಮುಂದಿನ ಬಳಕೆಗೆ ಕಾದಿರಿಸಿತ್ತು. ಅವುಗಳಲ್ಲಿ 5ನೆಯದನ್ನು ಐಬಿಎಂ ತೆರೆ ಮುದ್ರಣಕ್ಕೆ ಬಳಸಿಕೊಂಡಿತು. 1982ರಲ್ಲಿ ಇಂಟೆಲ್ ತನ್ನ ಹೊಸ ಪ್ರೊಸೆಸರುಗಳಲ್ಲಿ ಅದೇ 5ನ್ನು ಬೇರೊಂದಕ್ಕೆ ಮೀಸಲಿಟ್ಟಿತು. ಯಾವುದಾದರೂ ತಂತ್ರಾಂಶ ತನಗೆ ಗೊತ್ತುಮಾಡಿದ ಎಲ್ಲೆ ದಾಟಿದಾಗ ಎಚ್ಚರಿಸುವ ಸಂಖ್ಯೆ ಅದು. ಹೀಗಾಗಿ ಹೊಸ ಪ್ರೊಸೆಸರಿನ ಮೇಲೆ ಅಂಥ ತಪ್ಪು ನಡೆದರೆ ಎಚ್ಚರಿಕೆಯ ಬದಲು ಪ್ರಿಂಟರ್ ತೆರೆಯನ್ನು ಮುದ್ರಿಸಲು ತೊಡಗುವ ಸಾಧ್ಯತೆ ಉಂಟಾಯಿತು.

ಮೂರರಿಂದ ಶುರುವಾಗುವ ಲೆಕ್ಕ

1984ರ ಜನವರಿ 24ರಂದು ಬಂದ ಆಪಲ್ ಮ್ಯಾಕಿಂಟಾಷ್ ಬೇರೆಯದೇ ದಾರಿ ಹಿಡಿಯಿತು. ಅದರ 9 ಅಂಗುಲದ ಕಪ್ಪು ಬಿಳುಪು ತೆರೆಯಲ್ಲಿ ಅಕ್ಷರಕ್ಕೆಂದು ಪ್ರತ್ಯೇಕ ಮನೆಗಳೇ ಇರಲಿಲ್ಲ. ಅಕ್ಷರ, ಚಿತ್ರ ಎಲ್ಲವೂ ಚುಕ್ಕೆಗಳೇ. ಅಡ್ಡಕ್ಕೆ 512, ಉದ್ದಕ್ಕೆ 342, ಒಟ್ಟು 1,75,104 ಚುಕ್ಕೆಗಳು. ಒಂದೊಂದು ಚುಕ್ಕೆಯೂ ಕಪ್ಪು ಇಲ್ಲವೆ ಬಿಳುಪು. ಆದ್ದರಿಂದ ಇಡೀ ತೆರೆಯ ನಕಲು 21,888 ಬೈಟುಗಳಲ್ಲಿ ಅಡಗುತ್ತಿತ್ತು. ಇಂದಿನ ಒಂದು ಸಾಧಾರಣ ತೆರೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿದ್ದು, ಬಣ್ಣ ಸೇರಿ 60 ಲಕ್ಷಕ್ಕೂ ಮಿಕ್ಕಿ ಬೈಟುಗಳು ಬೇಕು ಎಂಬುದನ್ನು ನೆನೆದರೆ ಅಂದಿನ ಮಿತವ್ಯಯ ಅರಿವಾಗುತ್ತದೆ.

ಮ್ಯಾಕಿಂಟಾಷಿನಲ್ಲಿ ಕಮಾಂಡ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು 3 ಒತ್ತಿದರೆ ತೆರೆಯ ಚಿತ್ರ ಫ್ಲಾಪಿಯ ಮೇಲೆ ಕಡತವಾಗಿ ಉಳಿಯುತ್ತಿತ್ತು. 4 ಒತ್ತಿದರೆ ಪ್ರಿಂಟರಿಗೆ ಹೋಗುತ್ತಿತ್ತು. ಕಡತಕ್ಕೆ ಯಂತ್ರವೇ ‘ಸ್ಕ್ರೀನ್ 0’, ‘ಸ್ಕ್ರೀನ್ 1’ ಎಂದು ಹೆಸರಿಡುತ್ತ 9ರವರೆಗೆ ಹೋಗುತ್ತಿತ್ತು. ಆ ಕಡತವನ್ನು ಬಿಲ್ ಅಟ್ಕಿನ್‌ಸನ್ ರಚಿಸಿದ ‘ಮ್ಯಾಕ್‌ಪೇಂಟ್’ ತಂತ್ರಾಂಶದಲ್ಲಿ ತೆರೆದು ತಿದ್ದಬಹುದಾಗಿತ್ತು.

ತೆರೆಯ ಚಿತ್ರ ಕಾಗದದ ಹಂಗು ತೊರೆದದ್ದು ಇಲ್ಲಿ. ಅದು ಈಗ ಮುದ್ರಣವಲ್ಲ, ಕಡತ. ಅದನ್ನು ಪ್ರತಿ ಮಾಡಬಹುದು, ಕತ್ತರಿಸಬಹುದು, ಇನ್ನೊಬ್ಬರಿಗೆ ಕೊಡಬಹುದು, ತಿದ್ದಲೂಬಹುದು. ಮುಂದಿನ ಎಲ್ಲ ಅನುಕೂಲಗಳೂ ಎಲ್ಲ ಸಂಕಟಗಳೂ ಈ ಒಂದು ಬದಲಾವಣೆಯಿಂದ ಹೊರಟವು.

ಆಪಲ್ ಕಂಪ್ಯೂಟರುಗಳಲ್ಲಿ ತೆರೆಚಿತ್ರದ ಸಂಖ್ಯೆ 3ರಿಂದಲೇ ಏಕೆ ಆರಂಭವಾಗುತ್ತದೆ ಎಂದು ಕೇಳುವವರುಂಟು. ಕಾರಣ ಸರಳ. 1 ಮತ್ತು 2 ಫ್ಲಾಪಿಗಳನ್ನು ಹೊರಗೆ ತಳ್ಳಲು ಮೀಸಲಾಗಿದ್ದವು. ಫ್ಲಾಪಿಗಳು ಹೋಗಿ ಎಷ್ಟೋ ಕಾಲವಾಯಿತು. 3 ಮಾತ್ರ ತನ್ನ ಜಾಗ ಬಿಟ್ಟು ಕದಲಿಲ್ಲ. 2018ರಲ್ಲಿ ತೆರೆಯನ್ನು ವಿಡಿಯೋ ಆಗಿಯೂ ಹಿಡಿಯುವ ಹೊಸ ಸೌಕರ್ಯವನ್ನು ಸೇರಿಸಿದಾಗ ಆಪಲ್ ಅದಕ್ಕೆ ಕೊಟ್ಟದ್ದು 5. ಮನೆಯ ಮುಂಭಾಗ ಬಿದ್ದುಹೋದರೂ ಹಿತ್ತಲ ಬಾಗಿಲಿನ ನಂಬರು ಉಳಿದ ಹಾಗೆ.

ಏನೂ ಆಗದಂತೆ ಕಾಣುವ ಕೀಲಿ

ಇತ್ತ ಪಿ.ಸಿ. ಬಳಗದಲ್ಲೂ ಬದಲಾವಣೆಯಾಯಿತು. 1986ರ ವೇಳೆಗೆ ಬಂದ 101 ಕೀಲಿಗಳ ಮಣೆಯಲ್ಲಿ ‘ಪ್ರಿಂಟ್ ಸ್ಕ್ರೀನ್’ ನಕ್ಷತ್ರದ ಸಹವಾಸ ಬಿಟ್ಟು ಸ್ವತಂತ್ರ ಕೀಲಿಯಾಯಿತು. ಆದರೆ ಆ ಪದೋನ್ನತಿ ಸಿಕ್ಕ ಕೆಲವೇ ವರ್ಷಗಳಲ್ಲಿ ಅದರ ಮೂಲ ಕಸುಬು ತಪ್ಪಿಹೋಯಿತು. 1990ರಲ್ಲಿ ಬಂದ ಮೈಕ್ರೋಸಾಫ್ಟಿನ ವಿಂಡೋಸ್ 3.0 ಜನಪ್ರಿಯವಾದಂತೆ ಹೊಸ ಪದ್ಧತಿ ನೆಲೆಯೂರಿತು. ವಿಂಡೋಸಿನಲ್ಲಿ ಈ ಕೀಲಿ ಒತ್ತಿದರೆ ತೆರೆಯ ಚಿತ್ರ ‘ಕ್ಲಿಪ್‌ಬೋರ್ಡ್’ ಎಂಬ ಕಾಣದ ಜೇಬಿಗೆ ಹೋಗುತ್ತದೆ. ಆಲ್ಟ್ ಕೀಲಿಯ ಜತೆ ಒತ್ತಿದರೆ ಬಳಕೆಯಲ್ಲಿರುವ ಕಿಟಕಿ ಮಾತ್ರ. ಬಳಿಕ ಪೇಂಟ್‌ಬ್ರಷ್‌ನಂಥ ಚಿತ್ರ ಬರೆಯುವ ತಂತ್ರಾಂಶವೊಂದನ್ನು ತೆರೆದು ಅಂಟಿಸಿದಾಗಲೇ ಅದು ಕಣ್ಣಿಗೆ ಬೀಳುವುದು.

ಕತ್ತರಿಸು, ಪ್ರತಿ ಮಾಡು, ಅಂಟಿಸು ಎಂಬ ಈ ಕ್ರಮವನ್ನು 1970ರ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರು ಲ್ಯಾರಿ ಟೆಸ್ಲರ್ ಮತ್ತು ಅವರ ಸಂಗಡಿಗರು. ಪತ್ರಿಕಾಲಯಗಳಲ್ಲಿ ಕತ್ತರಿ, ಗೋಂದು ಹಿಡಿದು ಪುಟ ಕಟ್ಟುತ್ತಿದ್ದವರ ಕೈಕೆಲಸವೇ ಅದರ ಮಾದರಿ. ಆದರೆ ಕಾಣದ ಜೇಬಿನ ಪದ್ಧತಿ ಹೊಸಬರನ್ನು ಗಲಿಬಿಲಿಗೊಳಿಸಿತು. ಕೀಲಿ ಒತ್ತಿದರೆ ಸದ್ದಿಲ್ಲ, ಸೂಚನೆಯಿಲ್ಲ. ಜೇಬಿನಲ್ಲಿ ಇರುವುದು ಒಂದೇ ವಸ್ತುವಿಗೆ ಜಾಗ. ಅಂಟಿಸುವ ಮುನ್ನ ಬೇರೇನನ್ನಾದರೂ ಪ್ರತಿ ಮಾಡಿದರೆ ಹಿಂದಿನದು ಹೋಯಿತು. ಕೀಲಿ ಒತ್ತಿದೊಡನೆ ಚಿತ್ರ ನೇರವಾಗಿ ಕಡತವಾಗುವ ವ್ಯವಸ್ಥೆ, ವಿಂಡೋಸ್ ಕೀಲಿಯ ಜೋಡಿಯಲ್ಲಿ, 2012ರ ವಿಂಡೋಸ್ 8ರಲ್ಲಿ ಬಂತು. ಅಷ್ಟರಲ್ಲಿ 2007ರ ವಿಂಡೋಸ್ ವಿಸ್ಟಾದೊಂದಿಗೆ, ಬೇಕಾದಷ್ಟೇ ಭಾಗವನ್ನು ಕತ್ತರಿಸಿಕೊಳ್ಳುವ ‘ಸ್ನಿಪಿಂಗ್ ಟೂಲ್’ ಕೂಡ ಜನರ ಕೈ ಸೇರಿತ್ತು.

ಚಿತ್ರ ಸಣ್ಣದಾಗಿ ಕೂರಬೇಕು, ಆದರೆ ಒಂದು ಚುಕ್ಕೆಯೂ ಕೆಡಬಾರದು ಎಂಬ ಅಗತ್ಯವನ್ನು 1996ರಲ್ಲಿ ರೂಪುಗೊಂಡ ಪಿಎನ್‌ಜಿ ಎಂಬ ಚಿತ್ರ ವಿನ್ಯಾಸ ಪೂರೈಸಿತು. ಫೋಟೋಗಳಿಗೆ ಹೊಂದುವ ಜೆಪೆಗ್ ವಿನ್ಯಾಸ, ಗಾತ್ರ ಇಳಿಸಲು ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಅಕ್ಷರಗಳ ಅಂಚು ಮಸುಕಾಗುತ್ತದೆ. ಪಿಎನ್‌ಜಿ ಹಾಗೆ ಮಾಡದು. ಇಂದಿನ ಹೆಚ್ಚಿನ ತೆರೆಚಿತ್ರಗಳು ಅದರಲ್ಲೇ ಇರುವುದಕ್ಕೆ ಇದೇ ಕಾರಣ.

ಮೊಬೈಲ್ ಫೋನಿಗೆ ಕೀಲಿಮಣೆಯೇ ಇಲ್ಲವಾದ್ದರಿಂದ ಗುಂಡಿಗಳ ಜೋಡಿ ಬಂತು. 2007ರ ಮೊದಲ ಐಫೋನಿನಲ್ಲಿ ಈ ಸೌಕರ್ಯ ಇರಲಿಲ್ಲ, 2008ರಲ್ಲಿ ಬಂತು. ಆಂಡ್ರಾಯ್ಡ್ ಫೋನುಗಳಿಗೆ 2011ರ ನಾಲ್ಕನೆಯ ಆವೃತ್ತಿಯಲ್ಲಿ, ವಿದ್ಯುತ್ ಗುಂಡಿ ಮತ್ತು ಸದ್ದು ತಗ್ಗಿಸುವ ಗುಂಡಿಗಳ ಜೋಡಿಯಾಗಿ ದೊರೆಯಿತು. ತಂತ್ರಜ್ಞರ ಪರಿಕರವಾಗಿದ್ದದ್ದು ಅಲ್ಲಿಂದೀಚೆಗೆ ಎಲ್ಲರ ಅಭ್ಯಾಸವಾಯಿತು.

ಚಿತ್ರವಾದ ಕನ್ನಡ

ಕನ್ನಡದ ಮಟ್ಟಿಗೆ ಈ ಕಥೆಗೆ ಒಂದು ವಿಶೇಷ ತಿರುವಿದೆ. 1981ರ ಪಿ.ಸಿ.ಯ ಅಕ್ಷರ ಭಂಡಾರದಲ್ಲಿ ಇದ್ದದ್ದು 256 ಚಿಹ್ನೆಗಳು. ಕನ್ನಡ ಅವುಗಳಲ್ಲಿ ಇರಲಿಲ್ಲ. ಮುಂದೆ ಕನ್ನಡದ ತಂತ್ರಾಂಶಗಳು ಬಂದಾಗಲೂ ಒಬ್ಬೊಬ್ಬ ತಯಾರಕರದು ಒಂದೊಂದು ಸಂಕೇತ ವ್ಯವಸ್ಥೆ. ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ, ಅದೇ ಫಾಂಟ್ ಇಲ್ಲದ ಇನ್ನೊಂದರಲ್ಲಿ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. 1990ರ ದಶಕದ ಅಂತರ್ಜಾಲದಲ್ಲಿ ಕನ್ನಡವನ್ನು ದೂರದೇಶದ ಕನ್ನಡಿಗರಿಗೆ ತಲುಪಿಸಬೇಕಾದಾಗ ಬರಹವನ್ನೇ ಚಿತ್ರವಾಗಿಸಿ ಕಳಿಸುವುದು ಖಚಿತವಾದ ಉಪಾಯವಾಗಿತ್ತು. ಚಿತ್ರಕ್ಕೆ ಫಾಂಟ್ ಬೇಡ. ಕಂಡದ್ದು ಕಂಡ ಹಾಗೆ ತಲುಪುತ್ತದೆ.

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಂದಿಗೆ ಅದು ಮನೆಯ ಕಂಪ್ಯೂಟರಿಗೂ ಬಂತು. ಚಿತ್ರವಾಗಿ ಕಳಿಸಬೇಕಾದ ಅನಿವಾರ್ಯ ಅಲ್ಲಿಗೆ ತೀರಬೇಕಿತ್ತು. ಆದರೆ ಅಭ್ಯಾಸ ತೀರಲಿಲ್ಲ. ಇಂದಿಗೂ ಕನ್ನಡದ ಎಷ್ಟೋ ಲೇಖನ, ಕವಿತೆ, ಸುತ್ತೋಲೆಗಳು ಫೋನಿನಿಂದ ಫೋನಿಗೆ ತೆರೆಚಿತ್ರಗಳಾಗಿಯೇ ಓಡಾಡುತ್ತವೆ. ಓದುವವರಿಗೆ ವ್ಯತ್ಯಾಸ ಕಾಣದು. ಆದರೆ ಯಂತ್ರದ ಪಾಲಿಗೆ ಅದು ಬರಹವಲ್ಲ, ಚುಕ್ಕೆಗಳ ರಾಶಿ. ಅದರೊಳಗಿನ ಒಂದು ಪದವನ್ನು ಹುಡುಕುವಂತಿಲ್ಲ, ಒಂದು ವಾಕ್ಯವನ್ನು ಎತ್ತಿಕೊಳ್ಳುವಂತಿಲ್ಲ. ಬರಹವನ್ನು ದನಿಯಾಗಿಸುವ ತಂತ್ರಾಂಶವನ್ನು ನೆಚ್ಚಿದ ಅಂಧ ಓದುಗರಿಗೆ ಆ ಪುಟ ಮೂಕ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಇವೆ. ಆದರೆ ಒತ್ತಕ್ಷರಗಳು ಮಸುಕಾದ ಚಿತ್ರದಲ್ಲಿ ಅವು ಎಡವುವುದು ತಪ್ಪಿಲ್ಲ. ಉಳಿಸಲೆಂದು ಹಿಡಿದ ಚಿತ್ರವೇ ಬರಹವನ್ನು ಮರೆಗೆ ತಳ್ಳುವುದೂ ಉಂಟು.

ಕತ್ತರಿಸಿದರೂ ಉಳಿದದ್ದು

ತೆರೆಚಿತ್ರದ ಒಂದು ಗುಣವನ್ನು ಶಾಸನಶಾಸ್ತ್ರ ಬಲ್ಲವರು ಚೆನ್ನಾಗಿ ಅರಿಯುವರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಸವರಿ ತೆಗೆದ ಪಡಿಯಚ್ಚಿನಲ್ಲಿ ಶಾಸನದ ಅಕ್ಷರಗಳಷ್ಟೇ ಬರುವುದಿಲ್ಲ. ಕಲ್ಲಿನ ಬಿರುಕು, ಉಳಿ ಜಾರಿದ ಗೀರು ಎಲ್ಲವೂ ಬರುತ್ತವೆ. ಕೈಯಲ್ಲಿ ನಕಲು ಮಾಡುವವರು ತಮಗೆ ಮುಖ್ಯವೆನಿಸಿದ್ದನ್ನು ಬರೆದುಕೊಳ್ಳುತ್ತಾರೆ, ಪಡಿಯಚ್ಚು ಹಾಗೆ ಆರಿಸುವುದಿಲ್ಲ. ತೆರೆಚಿತ್ರವೂ ಹಾಗೆಯೇ. ಮೂಲೆಯಲ್ಲಿದ್ದ ಗಡಿಯಾರ, ಪಕ್ಕದ ಕಿಟಕಿಯಲ್ಲಿ ತೆರೆದಿದ್ದ ಖಾಸಗಿ ಪತ್ರ, ಬ್ಯಾಂಕ್ ಖಾತೆಯ ಸಂಖ್ಯೆ, ಎಲ್ಲವೂ ಜತೆಗೆ ಬರುತ್ತವೆ.

ಬೇಡದ್ದನ್ನು ಕತ್ತರಿಸಿ ಕಳಿಸಿದರಾಯಿತು ಎಂಬ ನಂಬಿಕೆಗೂ 2023ರ ಮಾರ್ಚಿನಲ್ಲಿ ಪೆಟ್ಟು ಬಿತ್ತು. ಗೂಗಲ್ಲಿನ ಪಿಕ್ಸೆಲ್ ಫೋನುಗಳಲ್ಲಿದ್ದ ಚಿತ್ರ ತಿದ್ದುವ ಪರಿಕರದಲ್ಲಿ ಸೈಮನ್ ಆರನ್ಸ್ ಮತ್ತು ಡೇವಿಡ್ ಬುಕ್ಯಾನನ್ ಎಂಬ ಸಂಶೋಧಕರು ಒಂದು ದೋಷ ಬಯಲು ಮಾಡಿದರು. ಚಿತ್ರವನ್ನು ಕತ್ತರಿಸಿದಾಗ ಆ ಪರಿಕರ ಹೊಸ ಚಿಕ್ಕ ಚಿತ್ರವನ್ನು ಹಳೆಯ ಕಡತದ ಆರಂಭದಲ್ಲಿ ಬರೆದು, ಉಳಿದ ಬಾಲವನ್ನು ಅಳಿಸದೆ ಹಾಗೇ ಬಿಡುತ್ತಿತ್ತು. ಹಲಗೆಯ ಮೇಲ್ಭಾಗ ಮಾತ್ರ ಒರಸಿ ಹೊಸದು ಬರೆದ ಹಾಗೆ. ನೋಡುವವರಿಗೆ ಚಿಕ್ಕ ಚಿತ್ರವೇ ಕಾಣುತ್ತಿತ್ತು. ಬಲ್ಲವರು ಆ ಬಾಲದಿಂದ ಕತ್ತರಿಸಿದ ಭಾಗವನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದಾಗಿತ್ತು. ಈ ದೋಷ 2018ರಿಂದಲೂ ಇತ್ತು. ವಿಂಡೋಸ್ 11ರ ಸ್ನಿಪಿಂಗ್ ಟೂಲ್‌ನಲ್ಲೂ ಇದೇ ಬಗೆಯ ತಪ್ಪು ಪತ್ತೆಯಾಯಿತು. ಎರಡೂ ಸಂಸ್ಥೆಗಳು ಅದನ್ನು ಸರಿಪಡಿಸಿದವು. ಆದರೆ ಅಷ್ಟರೊಳಗೆ ಹಂಚಿಹೋಗಿದ್ದ ಚಿತ್ರಗಳನ್ನು ಮರಳಿ ಕರೆಯುವವರು ಯಾರು?

ಸಾಕ್ಷಿಯ ಕಟಕಟೆಯಲ್ಲಿ

ಈಗ ಮೊದಲಿನ ಪ್ರಶ್ನೆಗೆ ಬರಬಹುದು: ತೆರೆಚಿತ್ರವನ್ನು ನಂಬುವುದೆಷ್ಟು?

ಅದರ ನಿಷ್ಠೆ ತೆರೆಗೆ ಮಾತ್ರ. ತೆರೆಯ ಮೇಲೆ ಏನಿತ್ತೋ ಅದನ್ನು ಚುಕ್ಕೆ ಬಿಡದೆ ಹೇಳುತ್ತದೆ. ತೆರೆಯ ಮೇಲಿದ್ದದ್ದು ನಿಜವೇ ಎಂಬುದು ಅದಕ್ಕೆ ಸಂಬಂಧಿಸಿದ ವಿಷಯವಲ್ಲ. ಜಾಲತಾಣವೊಂದರ ಪುಟದ ಪದಗಳನ್ನು ತನ್ನ ಕಂಪ್ಯೂಟರಿನಲ್ಲಿ ಮಾತ್ರ ಕ್ಷಣಕಾಲ ಬದಲಾಯಿಸಿ ತೋರಿಸುವ ಸಲಕರಣೆ ಇಂದಿನ ಹೆಚ್ಚಿನ ಬ್ರೌಸರುಗಳಲ್ಲೇ ಇದೆ. ಜಾಲತಾಣ ಕಟ್ಟುವವರ ಅನುಕೂಲಕ್ಕೆಂದು ಇಟ್ಟದ್ದು ಅದು. ಅದರಿಂದ ಒಂದು ಅಂಕಿಯನ್ನೋ ಹೆಸರನ್ನೋ ಬದಲಿಸಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಆಯಿತು. ಆ ಚಿತ್ರವನ್ನು ಯಾರೂ ತಿದ್ದಿಲ್ಲ. ಸುಳ್ಳಾಗಿದ್ದುದು ತೆರೆಯೇ.

ಶಾಸನಗಳ ಲೋಕದಲ್ಲೂ ಇಂಥದ್ದು ನಡೆದಿದೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ಕೂಟಶಾಸನಗಳೆಂದು, ಅಂದರೆ ಆಮೇಲಿನ ಕಾಲದ ಕೃತಕ ಸೃಷ್ಟಿಗಳೆಂದು ಜೆ. ಎಫ್. ಫ್ಲೀಟ್ ವಾದಿಸಿದರೆ, ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ. ಆ ಚರ್ಚೆಯಲ್ಲಿ ಅನುಮಾನ ಇದ್ದದ್ದು ಪಡಿಯಚ್ಚಿನ ಮೇಲಲ್ಲ, ಪಟದ ಮೇಲೆ. ಎಷ್ಟೇ ನಿಷ್ಠೆಯಿಂದ ತೆಗೆದರೂ ಕೂಟಶಾಸನದ ಪಡಿಯಚ್ಚು ಕೂಟಶಾಸನವನ್ನೇ ಸಾರುತ್ತದೆ.

ಇದರ ದಿನನಿತ್ಯದ ರೂಪ ಅಂಗಡಿಗಳಲ್ಲಿ ಕಾಣುತ್ತದೆ. 2016ರಲ್ಲಿ ಯುಪಿಐ ಪಾವತಿ ಬಂದ ಮೇಲೆ ‘ಹಣ ಸಂದಾಯವಾಗಿದೆ’ ಎಂಬ ತೆರೆಚಿತ್ರ ತೋರಿಸಿ ಸರಕು ಒಯ್ಯುವ ಮೋಸವೂ ಬೆನ್ನಿಗೇ ಬಂತು. ಹಣ ಬಂದೊಡನೆ ಮೊತ್ತವನ್ನು ಕನ್ನಡದಲ್ಲೇ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಗಳು ಇಂದು ಹಣ್ಣಿನ ಗಾಡಿಗಳಲ್ಲೂ ಕುಳಿತಿರುವುದಕ್ಕೆ ಇದೂ ಒಂದು ಕಾರಣ. ಆ ಪೆಟ್ಟಿಗೆ ಗಿರಾಕಿಯ ತೆರೆಯನ್ನು ಕೇಳುವುದಿಲ್ಲ. ಪಾವತಿ ವ್ಯವಸ್ಥೆಯಿಂದ ನೇರವಾಗಿ ಬಂದ ಮಾತನ್ನಷ್ಟೇ ಆಡುತ್ತದೆ.

ನ್ಯಾಯಾಂಗವೂ ಇದೇ ಎಚ್ಚರ ತಾಳಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಭಾರತೀಯ ಸಾಕ್ಷ್ಯ ಅಧಿನಿಯಮಕ್ಕೆ 65ಬಿ ಕಲಂ ಸೇರಿತು. ವಿದ್ಯುನ್ಮಾನ ದಾಖಲೆಯ ನಕಲನ್ನು ಹಾಜರುಪಡಿಸುವವರು ಅದು ಯಾವ ಸಾಧನದಿಂದ, ಹೇಗೆ ಬಂತು ಎಂಬ ಪ್ರಮಾಣಪತ್ರ ಕೊಡಬೇಕೆಂದು ಅದು ವಿಧಿಸಿತು. ಚುನಾವಣಾ ಪ್ರಚಾರದ ಸಿ.ಡಿ.ಗಳ ಕುರಿತ ಪಿ. ವಿ. ಅನ್ವರ್ ಪ್ರಕರಣದಲ್ಲಿ, 2014ರಲ್ಲಿ, ಈ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2020ರ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಮೂಲ ಸಾಧನವನ್ನೇ ನ್ಯಾಯಾಲಯಕ್ಕೆ ತಂದು ತೋರಿಸಿದರೆ ಮಾತ್ರ ಅದಕ್ಕೆ ವಿನಾಯಿತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಈ ಪದ್ಧತಿಯನ್ನು ಇನ್ನಷ್ಟು ಬಿಗಿಗೊಳಿಸಿದೆ. ದಾಖಲೆಯ ‘ಹ್ಯಾಶ್’ ಮೌಲ್ಯವನ್ನೂ ಪ್ರಮಾಣಪತ್ರದಲ್ಲಿ ನಮೂದಿಸಬೇಕು. ಕಡತದಿಂದ ಗಣಿತದ ಸೂತ್ರದಂತೆ ಪಡೆಯುವ ಈ ಸಂಖ್ಯೆ ಬೆರಳಚ್ಚಿನಂಥದು. ಕಡತದ ಒಂದೇ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಕಡತವನ್ನು ಆಮೇಲೆ ಯಾರೂ ಮುಟ್ಟಿಲ್ಲ ಎಂದು ಅದು ಹೇಳಬಲ್ಲದು. ಚಿತ್ರ ತೆಗೆಯುವಾಗ ತೆರೆ ನಿಜವಾಗಿತ್ತೇ ಎಂಬುದನ್ನು ಮನುಷ್ಯರೇ ವಿಚಾರಿಸಿ ತಿಳಿಯಬೇಕು.

ಹಿಡಿಯುವವರು ಯಾರು?

ಒಂದು ಕಾಲದಲ್ಲಿ ತೆರೆಯನ್ನು ಹಿಡಿಯುವುದು ಹೇಗೆ ಎಂಬುದೇ ಕಷ್ಟವಾಗಿತ್ತು. ಈಗ ಹಿಡಿಯದಂತೆ ತಡೆಯುವುದು ಹೇಗೆ 
ಎಂಬ ಚಿಂತೆ ಬಂದಿದೆ. ಬ್ಯಾಂಕುಗಳ ಎಷ್ಟೋ ಆ್ಯಪುಗಳಲ್ಲಿ ಫೋನಿನ ಗುಂಡಿ ಒತ್ತಿದರೆ ಕಪ್ಪು ಚೌಕವಷ್ಟೇ ಸಿಗುತ್ತದೆ, ಇಲ್ಲವೆ ಅನುಮತಿಯಿಲ್ಲ ಎಂಬ ಸೂಚನೆ. ಇದಕ್ಕೆ ವ್ಯತಿರಿಕ್ತವಾಗಿ, 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ರೀಕಾಲ್’ ಎಂಬ ಸೌಕರ್ಯ ಪ್ರಕಟಿಸಿತು. ಯಾರೂ ಕೀಲಿ ಒತ್ತದೆಯೇ, ಕೆಲವು ಕ್ಷಣಗಳಿಗೊಮ್ಮೆ ಕಂಪ್ಯೂಟರೇ ತನ್ನ ತೆರೆಯ ಚಿತ್ರ ತೆಗೆದಿಟ್ಟುಕೊಂಡು, ಬಳಕೆದಾರ ಎಂದೋ ಕಂಡದ್ದನ್ನು ಹುಡುಕಿಕೊಡುವ ಏರ್ಪಾಡು ಅದು. ಖಾಸಗಿತನದ ಪ್ರಶ್ನೆ ಎತ್ತಿ ಭದ್ರತಾ ತಜ್ಞರು ಆಕ್ಷೇಪಿಸಿದರು. ಸಂಸ್ಥೆ ಅದನ್ನು ಮುಂದೂಡಿ, ಬಳಕೆದಾರ ತಾನಾಗಿ ಒಪ್ಪಿದರೆ ಮಾತ್ರ ಚಾಲೂ ಆಗುವಂತೆ ಬದಲಿಸಿ, 2025ರಲ್ಲಿ ಬಿಡುಗಡೆ ಮಾಡಿತು.

ಆ ಆಕ್ಷೇಪದ ತಿರುಳು ಗಮನಾರ್ಹ. ಪ್ರಿಂಟ್ ಸ್ಕ್ರೀನ್ ಕೀಲಿಯಲ್ಲಿ ಒಂದು ನಿರ್ಧಾರವಿತ್ತು. ಇದು ಉಳಿಯಬೇಕು ಎಂದು ಒಬ್ಬ ಮನುಷ್ಯನಿಗೆ ಅನಿಸಿದಾಗ ಬೆರಳು ಅಲ್ಲಿಗೆ ಹೋಗುತ್ತಿತ್ತು. ಯಾವುದನ್ನು ಉಳಿಸಿದೆ, ಏಕೆ ಉಳಿಸಿದೆ ಎಂದು ಕೇಳಿದರೆ ಉತ್ತರ ಹೇಳುವವರು ಒಬ್ಬರಿದ್ದರು. ಎಲ್ಲವನ್ನೂ ಯಂತ್ರವೇ ಉಳಿಸತೊಡಗಿದಾಗ ಆ ಉತ್ತರದ ಹೊಣೆ ಯಾರಿಗೂ ಸೇರದೆ ಹೋಗುತ್ತದೆ.

ಪಡಿಯಚ್ಚು ತೆಗೆಯುವವರು ಕಾಗದದ ಅಂಚಿನಲ್ಲಿ ಊರು, ಕಲ್ಲು ಇದ್ದ ಜಾಗ, ದಿನಾಂಕ ಬರೆದಿಡುವ ವಾಡಿಕೆಯುಂಟು. ಅದಿಲ್ಲದ ಪಡಿಯಚ್ಚು ಎಷ್ಟೇ ಚೊಕ್ಕಟವಾಗಿದ್ದರೂ ಸಂಶೋಧಕರಿಗೆ ಅರ್ಧ ಮಾತ್ರ ಉಪಯುಕ್ತ. ತೆರೆಚಿತ್ರಕ್ಕೂ ಈ ವಾಡಿಕೆ ಒಳ್ಳೆಯದು. ಮುಖ್ಯವಾದ ಸಾಲನ್ನಷ್ಟೇ ಕತ್ತರಿಸಿಕೊಳ್ಳದೆ ಪುಟದ ವಿಳಾಸ, ತಾರೀಖು, ವೇಳೆ ಕಾಣುವಂತೆ ಹಿಡಿದು, ಮೂಲ ಸಂದೇಶವನ್ನು ಅಳಿಸದೆ ಫೋನಿನಲ್ಲೇ ಇಟ್ಟುಕೊಂಡರೆ, ನಾಳೆ ಯಾರಾದರೂ ಪ್ರಶ್ನಿಸಿದಾಗ ತೋರಿಸಲು ಚಿತ್ರದ ಹಿಂದೆ ಇನ್ನೊಂದು ಆಧಾರ ಇರುತ್ತದೆ.